ಅಕ್ಕನ ಕಾರಿನ ಪೆಟ್ರೋಲ್ ಮುಳ್ಳು

ಫೆಬ್ರವರಿ ೯

ತಿರುಪೂ,

ನೀನು ಚೆನ್ನಾಗಿರಬಹುದು. ನಾನು ಚೆನ್ನಾಗಿಲ್ಲ. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ, ಸಿಟ್ಟು ನೆತ್ತಿಗೇರಿದೆ ಅಷ್ಟೆ. ಫೋನ್ ಮಾಡೋಣವೆಂದರೆ ಆ ವಿಮಾನದ ಇಂಜಿನ್ ಶೆಡ್ಡಿನಲ್ಲಿ ನೀನು ಒಂದೂವರೆ ಕಿವಿ ಕಳೆದುಕೊಂಡು ಕೂತಿದ್ದೀಯ. ನಾನು ಇಲ್ಲಿಂದ ಕಿರುಚಬೇಕು, ನೀನು ಅಲ್ಲಿಂದ ಹೂಂ ಹೂಂ ಅನ್ನಬೇಕು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ವಿಷಯ ನಮ್ಮ ಹಸಿರು ಕಾರು ಗಿಣಿಯದು. ಅದರ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತಿದೆ. ಹೋದ ವಾರ ಸೇತುವೆಯ ಮೇಲೆ, ಹಿಂದೊಂದು ಮುಂದೊಂದು ಲಾರಿ ಇರುವಾಗ, ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮುಳ್ಳು ನೋಡಿದರೆ ಅರ್ಧ ಟ್ಯಾಂಕು! ಟ್ರಾಫಿಕ್ ಪೊಲೀಸಿನವನು ಬಂದು, "ಏನಜ್ಜಿ, ಪೆಟ್ರೋಲ್ ಹಾಕಿಸೋದು ಮರ್ತುಬಿಟ್ರಾ?" ಎಂದ. "ಮುಳ್ಳು ನೋಡಪ್ಪಾ, ಅರ್ಧ ಇದೆ" ಎಂದೆ. ಅವನು ಬಾಗಿಲಿಗೆ ಕೈಯೂರಿ ಬಗ್ಗಿದ. ಬಗ್ಗಿದ್ದೇ ತಡ, ಆ ಮುಳ್ಳು ಮೆಲ್ಲಗೆ ಇಳಿದು, ಒಳ್ಳೆಯ ಮಗುವಿನ ಹಾಗೆ ಖಾಲಿಯ ಗೆರೆಯ ಮೇಲೆ ಕೂತಿತು. "ಖಾಲಿ ಅಂತಾನೇ ತೋರಿಸ್ತಿದೆಯಲ್ಲಾ ಅಜ್ಜಿ" ಎಂದ. ಅಷ್ಟು ಜನರ ಎದುರು ನನ್ನ ಮಾನ ಹೋಯಿತು. ಅದಕ್ಕೆ ಮೊದಲು ಒಮ್ಮೆ ಲೈಬ್ರರಿಯ ಮುಂದೆಯೂ ಹೀಗೇ ಆಗಿತ್ತು.

ಈಗ ನಿನ್ನ ಸೋದರಳಿಯನ ಕಥೆ ಕೇಳು. ನನ್ನ ಮಗ ಹಲ್ಲಿನ ಡಾಕ್ಟರ್ ಆದ ಮೇಲೆ ಸ್ವಲ್ಪ ಅಲುಗಾಡಿದ್ದೆಲ್ಲವನ್ನೂ ಕಿತ್ತು ಹಾಕಬೇಕು ಎನ್ನುವ ಚಟ ಹತ್ತಿಸಿಕೊಂಡಿದ್ದಾನೆ. "ಅಮ್ಮಾ, ಮುಳ್ಳಿಂದಲ್ಲ ತಪ್ಪು. ನಿಂಗೆ ಮರೆವು ಶುರುವಾಗಿದೆ. ಏಪ್ರಿಲ್ ಮುಗಿಯೋದ್ರೊಳಗೆ ಕೀ ಕೊಡು, ಗಾಡಿ ಮಾರಿಬಿಡೋಣ" ಎನ್ನುತ್ತಾನೆ. ನನಗೆ ಮರೆವಂತೆ! ಮೂವತ್ತು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿ ಕೂತು, ಸಾಕ್ಷಿಗಳು ಕೆಮ್ಮಿದ್ದನ್ನೂ ಬಿಡದೆ ಬರೆದುಕೊಂಡವಳಿಗೆ ಮರೆವು! ನಾನು ಬಾಯಿಗೆ ಬಂದಂತೆ ಬಯ್ದೆ. ಕೊನೆಗೆ, "ಮುಳ್ಳಿಂದೇ ದೋಷ ಅಂತ ಮಾಮ ಹೇಳಿದ್ರೆ ಮಾತ್ರ ಸುಮ್ಮನಿರ್ತೀನಿ" ಎಂದ.

ಆದ್ದರಿಂದ ಈಗ ನನ್ನ ಕಾರು ಇರುವುದು ನಿನ್ನ ಮಾತಿನ ಮೇಲೆ. ಚಿಕ್ಕಂದಿನಲ್ಲಿ ಮನೆಯ ಗಡಿಯಾರ, ಇಸ್ತ್ರಿಪೆಟ್ಟಿಗೆ ಎಲ್ಲದರ ತಿರುಪು ಬಿಚ್ಚಿಟ್ಟು ಅಪ್ಪನಿಂದ ಆ ಹೆಸರು ಗಳಿಸಿದವನು ನೀನು. ವಿಮಾನದ ಮೀಟರುಗಳನ್ನೇ ರಿಪೇರಿ ಮಾಡುವವನಿಗೆ ಇದೇನು ದೊಡ್ಡದು? ಪಾಳುಬಿದ್ದಿದ್ದ ಈ ಬ್ರಿಟಿಷ್ ಕಾರಿಗೆ ನೀನೂ ನಿನ್ನ ಭಾವನೂ ಸೇರಿ ಜೀವ ಕೊಟ್ಟವರು. ಅವರಂತೂ ಹೋದರು. ಅವರು ಬಿಟ್ಟುಹೋದ ಮನೆಯಲ್ಲಿ ನನ್ನನ್ನು ಹೊರಗೆ ಕರೆದುಕೊಂಡು ಹೋಗುವುದು ಇದೊಂದೇ. ಇದೂ ಹೋದರೆ ನಾನು ಮಗ ಬಿಡುವಾದಾಗ ಕರೆದುಕೊಂಡು ಹೋದಲ್ಲಿಗೆ ಹೋಗಿ, ಕೂರಿಸಿದಲ್ಲಿ ಕೂರಬೇಕು.

ಇನ್ನೊಂದು ಮಾತು. ಪೆಟ್ರೋಲ್ ಮುಳ್ಳು ಏರಿದಾಗೆಲ್ಲ ಅದರ ಪಕ್ಕದ, ಇಂಜಿನ್ ಬಿಸಿ ತೋರಿಸುವ ಮುಳ್ಳೂ ಏರುತ್ತದೆ. ಎರಡೂ ಜೊತೆಗೇ ಇಳಿಯುತ್ತವೆ. ಇದಕ್ಕೇನಾದರೂ ಅರ್ಥ ಇದೆಯಾ? ಬೇಗ ಬರೆ.

ಅಕ್ಕ


ಫೆಬ್ರವರಿ ೨೦

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂತು. ಮೊದಲು ನೀನು ಸಮಾಧಾನ ಮಾಡಿಕೋ. ಗಾಡಿ ನಿಂತಾಗ ನಿನಗೆ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಮಗನ ಮೇಲೆ ರೇಗಬೇಡ, ಅವನು ನಿನ್ನ ಒಳ್ಳೆಯದಕ್ಕೇ ಹೇಳುತ್ತಿರುತ್ತಾನೆ.

ಮುಳ್ಳಿನ ವಿಷಯಕ್ಕೆ ಬರುತ್ತೇನೆ. ಟ್ಯಾಂಕಿನೊಳಗೆ ಒಂದು ಫ್ಲೋಟ್ ಇರುತ್ತದೆ, ಪೆಟ್ರೋಲಿನ ಮೇಲೆ ತೇಲುತ್ತಾ ಅದರ ಜೊತೆ ಏರಿ ಇಳಿಯುತ್ತದೆ. ಅಲ್ಲಿಂದ ಒಂದು ತಂತಿ ಡ್ಯಾಶ್‌ಬೋರ್ಡಿನ ಮೀಟರಿಗೆ ಬರುತ್ತದೆ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸು, ಹತ್ತಿರ ಬೆಂಕಿ ಕಿಡಿ ಏನೂ ಇರಕೂಡದು. ಕೀ ತಿರುಗಿಸಿ, ಟ್ಯಾಂಕಿನ ಹತ್ತಿರ ಆ ತಂತಿ ಬಿಚ್ಚು: ಮುಳ್ಳು ಖಾಲಿಗೆ ಇಳಿಯಬೇಕು. ಅದೇ ತಂತಿಯನ್ನು ಗಾಡಿಯ ಬರೀ ಕಬ್ಬಿಣಕ್ಕೆ ಮುಟ್ಟಿಸು: ಮುಳ್ಳು ಭರ್ತಿಗೆ ಏರಬೇಕು. ಎರಡೂ ಆದರೆ ಮೀಟರೂ ತಂತಿಯೂ ಸರಿ ಇವೆ ಎಂದು ಅರ್ಥ. ಒಬ್ಬಳೇ ಮಾಡಬೇಡ, ಗ್ಯಾರೇಜಿನವನನ್ನು ಕರೆದುಕೋ.

ಕೆಲವು ಪ್ರಶ್ನೆಗಳಿವೆ, ಬೇಸರ ಮಾಡಿಕೊಳ್ಳದೆ ಉತ್ತರ ಬರೆ. ಆ ತಂತಿಯ ಬಣ್ಣ ಯಾವುದು? ಲೈಬ್ರರಿಯ ಮುಂದೆ ನಿಂತದ್ದು ಯಾವ ತಿಂಗಳು, ಯಾವ ವಾರ? ಗಿಣಿಯನ್ನು ಮೊದಲ ಸಲ ಮನೆಗೆ ತಂದ ದಿನ ಯಾರು ಯಾರು ಇದ್ದೆವು? ಹಳೆಯ ಗಾಡಿಯ ರಿಪೇರಿಯಲ್ಲಿ ಇಂಥವೂ ಬೇಕಾಗುತ್ತವೆ.

ಸುಮ್ಮನೆ ಕೇಳುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತಾ? ಕನ್ನಡಕ, ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು ಜಾಸ್ತಿಯಾಗಿದೆಯಾ? ವೇಳೆಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ


ಮಾರ್ಚ್ ೩

ತಿರುಪೂ,

ನನ್ನ ನಿದ್ದೆ ಕಟ್ಟಿಕೊಂಡು ನಿನಗೇನು? ಮುಳ್ಳಿಗೂ ನನ್ನ ನಿದ್ದೆಗೂ ತಂತಿ ಎಳೆದಿದ್ದೀರಾ ನೀನೂ ನಿನ್ನ ಭಾವನೂ?

ನೀನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಮನೆಯ ಹಿಂದಿನ ಖಾಲಿ ಜಾಗಕ್ಕೆ ಗಾಡಿ ತಂದು, ಗೋಣಿಚೀಲ ಹಾಸಿ, ಡಿಕ್ಕಿಯ ಕೆಳಗೆ ನಾನೇ ಮಲಗಿದೆ. ಗ್ಯಾರೇಜಿನವನು ಮುಂದೆ ಕೂತು ಮುಳ್ಳು ನೋಡಿ ಕೂಗಿ ಹೇಳಿದ. ಪಕ್ಕದ ಮನೆಯಾಕೆ ಕಿಟಕಿಯಿಂದ ನನ್ನ ಕಾಲೆರಡೇ ಕಂಡು, ಗಾಡಿ ನನ್ನ ಮೇಲೆ ಹರಿಯಿತೆಂದು ಬೊಬ್ಬೆ ಹೊಡೆದಳು. ಬೀದಿಯವರೆಲ್ಲ ಸೇರಿದರು. ಆ ಸಂಭ್ರಮವೂ ಆಯಿತು.

ತಂತಿ ಹಸಿರು, ಅದರ ಮೈಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ. ಬಿಚ್ಚಿದಾಗ ಮುಳ್ಳು ಇಳಿಯಿತು, ಕಬ್ಬಿಣಕ್ಕೆ ಮುಟ್ಟಿಸಿದಾಗ ಏರಿತು. ಆದರೆ ಎರಡನೇ ಸಲ ಮುಟ್ಟಿಸಿದಾಗ ಭರ್ತಿಯ ಗೆರೆಯನ್ನೂ ದಾಟಿ ಮೂಲೆಗೆ ಹೋಗಿ ನಿಂತಿತಂತೆ. ಇದು ಸರಿಯಾ? ಲೈಬ್ರರಿಯ ಮುಂದೆ ನಿಂತದ್ದು ಡಿಸೆಂಬರ್ ಎರಡನೇ ವಾರ, ಪುಸ್ತಕ ಹಿಂದಿರುಗಿಸುವ ಕೊನೆಯ ದಿನ. ಗಿಣಿಯನ್ನು ತಂದ ದಿನ ನಿನ್ನ ಭಾವ ಸ್ಟೀರಿಂಗ್ ಹಿಡಿದಿದ್ದರು, ನೀನು ಹಿಂದಿನಿಂದ ತಳ್ಳುತ್ತಿದ್ದೆ, ಅಮ್ಮ ಗೇಟಿನಲ್ಲಿ ನಿಂತು, "ಇಬ್ಬರು ಕೂರೋ ಗಾಡಿ ಯಾವ ಸಂಸಾರಕ್ಕೆ?" ಎಂದು ಮುಖ ಸಿಂಡರಿಸಿದ್ದಳು. ಸಾಕಾ?

ಈಗ ನನ್ನ ಮಾತಿಗೆ ಬಾ. ಸೇತುವೆಯ ಮೇಲೆ ಆ ಪೊಲೀಸಿನವನು ಬಾಗಿಲಿಗೆ ಕೈಯೂರಿ ಬಗ್ಗಿದಾಗ ಮುಳ್ಳು ತಾನಾಗಿ ಇಳಿದು ಕೂತಿತು. ಪೆಟ್ರೋಲ್ ಮುಳ್ಳು ಏರಿದಾಗೆಲ್ಲ ಪಕ್ಕದ ಬಿಸಿಯ ಮುಳ್ಳೂ ಏರುತ್ತದೆ, ಜೊತೆಗೇ ಇಳಿಯುತ್ತದೆ. ಇದಕ್ಕೇನು ಹೇಳುತ್ತೀಯ?

ಮಗ ಗಾಡಿಯ ಫೋಟೋ ತೆಗೆದುಕೊಂಡು ಹೋದ. ಯಾರಿಗೆ ತೋರಿಸಲಿಕ್ಕೆ ಎಂದು ಕೇಳಿದರೆ ಹಲ್ಲು ಕಿರಿದ. ಏಪ್ರಿಲ್ ಬಂದೇಬಿಡುತ್ತದೆ, ನೀನು ಮಾತ್ರ ನನ್ನ ಕನ್ನಡಕ ಹುಡುಕುತ್ತಾ ಕೂತಿದ್ದೀಯ.

ಅಕ್ಕ


ಮಾರ್ಚ್ ೧೪

ಪ್ರೀತಿಯ ಅಕ್ಕಾ,

ಗಾಡಿಯ ಕೆಳಗೆ ನೀನು ಮಲಗಿದೆ ಎಂದು ಓದಿ ಗಾಬರಿಯಾಯಿತು. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ? ಇನ್ನು ಮೇಲೆ ಅಂಥದ್ದು ಮಾಡಬೇಡ.

ತಂತಿ, ಮೀಟರು ಎರಡೂ ಸರಿ ಇರುವ ಹಾಗೆ ಕಾಣುತ್ತದೆ. ಫ್ಲೋಟಿನೊಳಗೆ ಪೆಟ್ರೋಲ್ ಸೇರಿ ಭಾರವಾಗಿರಬಹುದು. ಟ್ಯಾಂಕ್ ಇಳಿಸದೆ ಅದನ್ನು ನೋಡಲಾಗದು, ಅದಕ್ಕೆ ಅವಸರವೂ ಇಲ್ಲ. ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ಕೇಳುತ್ತೇನೆ: ಟ್ಯಾಂಕಿನ ತಂತಿಯ ಬಣ್ಣ ಯಾವುದು ಎಂದೆ? ಲೈಬ್ರರಿಯ ಮುಂದೆ ಯಾವಾಗ ನಿಂತಿತು? ಆ ಮೊದಲ ದಿನ ಗಾಡಿಯನ್ನು ಹಿಂದಿನಿಂದ ತಳ್ಳುತ್ತಿದ್ದವರು ಯಾರು? ಮೊದಲು ಬರೆದದ್ದನ್ನು ನೋಡದೆ, ನೆನಪಿನಿಂದಲೇ ಬರೆದರೆ ಒಳ್ಳೆಯದು.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ಕೀಯನ್ನು ಮಗನ ಕೈಗೆ ಕೊಟ್ಟಿಡು. ಕೊಟ್ಟ ಮಾತ್ರಕ್ಕೆ ಗಾಡಿ ಹೋಗಿಬಿಡುವುದಿಲ್ಲ. ನೀನು ಓಡಾಡಬೇಕೆಂದರೆ ಅವನೇ ಕರೆದುಕೊಂಡು ಹೋಗುತ್ತಾನೆ. ನಿನ್ನ ಕ್ಷೇಮವೇ ನನಗೆ ಮುಖ್ಯ.

ನಿನ್ನ ತಮ್ಮ


ಮಾರ್ಚ್ ೨೫

ನನ್ನ ಒಡಹುಟ್ಟಿದವನಿಗೆ,

ತಿರುಪು ಎಂದು ಕರೆಯಲು ಇವತ್ತು ನಾಲಿಗೆ ಬರುತ್ತಿಲ್ಲ.

ನಿನ್ನ ಕಾಗದ ಓದುವಾಗಲೇ ಮೂಗಿಗೆ ಏನೋ ಬಡಿದಿತ್ತು. ಕೇಳಿದ್ದನ್ನೇ ಮತ್ತೆ ಕೇಳಿದ್ದೀಯ. ಅದೂ ಮೊದಲಿನದನ್ನು ನೋಡದೆ ಬರೆಯಬೇಕಂತೆ! ನಾನು ಯಾವ ಕುರ್ಚಿಯಲ್ಲಿ ಕೂತು ಮುದುಕಿಯಾದವಳು ಎನ್ನುವುದು ನಿನಗೆ ಮರೆತುಹೋಯಿತಾ? ಸಾಕ್ಷಿಯನ್ನು ಕೆಡವಬೇಕೆಂದಾಗ ವಕೀಲರು ಇದನ್ನೇ ಮಾಡುತ್ತಾರೆ. ಬೆಳಿಗ್ಗೆ ಒಂದು ಸಲ ಕೇಳುತ್ತಾರೆ, ಊಟವಾದ ಮೇಲೆ ನಗುನಗುತ್ತಾ ಅದನ್ನೇ ಕೇಳುತ್ತಾರೆ, ಒಂದು ಮಾತು ಆಚೀಚೆ ಆದರೆ ಕತ್ತು ಹಿಡಿಯುತ್ತಾರೆ. ಎಷ್ಟು ಜನ ಬೆವೆತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ! ನನ್ನ ತಮ್ಮನೇ ನನ್ನನ್ನು ಆ ಕಟಕಟೆಗೆ ಹತ್ತಿಸುತ್ತಾನೆ ಎಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಪಾಪ, ಕಿವಿ ಹೋಗಿದೆ, ಕಣ್ಣೂ ಹೋಗುತ್ತಿರಬೇಕು, ಹಿಂದಿನ ಕಾಗದ ಎಲ್ಲೋ ಇಟ್ಟಿರಬೇಕು ಎಂದುಕೊಂಡೆ. ಮೊನ್ನೆ ಭಾನುವಾರ ಮಗ ಬಂದ. ಮಾತಿಗೆ ಮಾತು ಬೆಳೆಯಿತು. "ಮಾಮನೂ ಅದನ್ನೇ ಹೇಳಿದ್ದಾರಮ್ಮಾ. ನಿಧಾನವಾಗಿ ಕೀ ತಗೋ, ಒಮ್ಮೆಗೇ ಬೇಡ, ಅಷ್ಟರಲ್ಲಿ ನಾನು ಅಕ್ಕನ್ನ ವಿಚಾರಿಸಿ ನೋಡ್ತೀನಿ ಅಂತ ಬರೆದಿದ್ದಾರೆ" ಎಂದ. ಯಾವಾಗ ಬರೆದರು ಎಂದು ಕೇಳಿದೆ. ಫೆಬ್ರವರಿ ಹದಿನೆಂಟಕ್ಕಂತೆ! ಅಂದರೆ ನನಗೆ ಉತ್ತರ ಬರೆಯುವ ಮೊದಲೇ ನನ್ನ ಮಗನಿಗೆ ತೀರ್ಪು ಬರೆದು ಕಳಿಸಿದ್ದೀಯ. ತೀರ್ಪು ಮೊದಲು, ವಿಚಾರಣೆ ಆಮೇಲೆ. ನಾನು ಕೆಲಸ ಮಾಡಿದ ಕೋರ್ಟಿನಲ್ಲಿ ಎಂತೆಂಥ ಅಡ್ಡಕಸುಬಿಗಳಿದ್ದರೂ ಇಷ್ಟು ಕೆಳಗಿಳಿದವರನ್ನು ಕಂಡಿಲ್ಲ.

ಗೋಣಿಚೀಲದ ಮೇಲೆ ಅಂಗಾತ ಮಲಗಿ, ಕಣ್ಣಿಗೆ ತುಕ್ಕು ಉದುರಿಸಿಕೊಂಡು ನಾನು ತಂತಿ ಬಿಚ್ಚಿದ್ದು ನಿನಗೆ ಆಟವಾಗಿತ್ತು. ನೀನು ಗಿಣಿಯನ್ನು ನೋಡಲೇ ಇಲ್ಲ. ನನ್ನನ್ನು ನೋಡುತ್ತಿದ್ದೆ. ಬೆನ್ನಿಗೆ ಚೂರಿ ಹಾಕುವವರು ಕೊನೆಗೆ ಊಟ ಮಾಡು, ನಿದ್ದೆ ಮಾಡು ಎಂದಾದರೂ ಬರೆಯದಿರಬೇಕು.

ಪೊಲೀಸಿನವನ ವಿಷಯವನ್ನು ಎರಡು ಸಲ ಬರೆದೆ ಎಂದು ಅದನ್ನೂ ನನ್ನ ಲೆಕ್ಕಕ್ಕೆ ಬರೆದಿಟ್ಟುಕೊಂಡು ಮಾರ್ಚಿನಲ್ಲಿ ಅವನಿಗೆ ಇನ್ನೊಂದು ಕಾಗದ ಹಾಕಿದ್ದೀಯಂತೆ, ಅದನ್ನೂ ಮಗ ಹೇಳಿದ. ಎರಡು ಸಲ ಬರೆದದ್ದು ನನಗೆ ಮರೆತಿದ್ದಕ್ಕಲ್ಲ, ನೀನು ಮೊದಲ ಸಲ ಉತ್ತರ ಕೊಡದಿದ್ದಕ್ಕೆ! ಎರಡನೇ ಸಲವೂ ಕೊಡಲಿಲ್ಲ. ಈಗ ಮೂರನೇ ಸಲ ಬರೆಯುತ್ತೇನೆ, ಅದನ್ನೂ ಬರೆದಿಟ್ಟುಕೋ. ಬಾಗಿಲು ಅಲ್ಲಾಡಿದರೆ ಮುಳ್ಳು ಇಳಿಯುತ್ತದೆ. ಎರಡೂ ಮುಳ್ಳು ಜೊತೆಗೇ ಏರುತ್ತವೆ, ಜೊತೆಗೇ ಇಳಿಯುತ್ತವೆ.

ನನಗೆ ನಿನ್ನ ಉತ್ತರ ಬೇಡ.

ಅಕ್ಕ


ಏಪ್ರಿಲ್ ೮

ಅಕ್ಕಾ,

ಬೇಡವೆಂದರೂ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿದು ಹಾಕು.

ಅಡ್ಡಕಸುಬಿ ಎಂದೆ, ಚೂರಿ ಎಂದೆ. ನನಗೂ ಮೈ ಉರಿಯಿತು. ಎಷ್ಟೋ ದಿನ ಪೆನ್ನು ಮುಟ್ಟಲಿಲ್ಲ. ನಾನೇನು ನಿನ್ನ ಆಸ್ತಿ ಹೊಡೆಯಲು ಹೊಂಚು ಹಾಕಿದ್ದೆನಾ? ನನಗೇನು ಆ ಗಾಡಿ ಬೇಕಾಗಿತ್ತಾ? ಅಮ್ಮನ ಕೊನೆಯ ವರ್ಷಗಳಲ್ಲಿ ನಾನಿನ್ನೂ ಅಲ್ಲೇ ಇದ್ದಾಗ, ರಾತ್ರಿ ಪಾಳಿ ಮುಗಿಸಿ ಬಂದು, ನೀನು ಕೋರ್ಟಿಗೆ ಹೋದ ಮೇಲೆ ಇಡೀ ದಿನ ಅವಳ ಜೊತೆ ಇರುತ್ತಿದ್ದವನು ನಾನು. ತನ್ನ ಮನೆಯಲ್ಲೇ ಕೂತು, "ಏಳಪ್ಪಾ, ಹೊತ್ತಾಯ್ತು, ಮನೆಗೆ ಹೋಗೋಣ" ಎನ್ನುತ್ತಿದ್ದಳು. ಅದು ಹೇಗೆ ಶುರುವಾಯಿತು ಎನ್ನುವುದು ನಿನಗೆ ಗೊತ್ತಿಲ್ಲ, ನೀನು ಸಂಜೆ ಬರುತ್ತಿದ್ದೆ. ಅವಳು ಮೊದಲು ಗೂಬೆ ಕೂರಿಸಿದ್ದು ವಸ್ತುಗಳ ಮೇಲೆ. ಗಡಿಯಾರ ಸುಳ್ಳು ಹೇಳುತ್ತೆ, ಬೀಗ ಯಾರೋ ಬದಲಾಯಿಸಿದ್ದಾರೆ, ಕ್ಯಾಲೆಂಡರ್ ತಪ್ಪಾಗಿ ಅಚ್ಚು ಹಾಕಿದ್ದಾರೆ. ನಾನೂ ನಂಬಿ ಗಡಿಯಾರ ಬಿಚ್ಚಿ ರಿಪೇರಿ ಮಾಡಿದೆ, ಬೀಗ ಹೊಸದು ತಂದೆ. ಅಷ್ಟು ದಿನ ತಡವಾಯಿತು.

ನಿನ್ನ ಕಾಗದ ಒಡೆದಾಗ, "ಮುಳ್ಳು ಸುಳ್ಳು ಹೇಳುತ್ತಿದೆ" ಎನ್ನುವ ಮಾತು ಕಣ್ಣಿಗೆ ಬಿತ್ತು. ಅಮ್ಮನ ದನಿಯೇ ಕೇಳಿದ ಹಾಗಾಯಿತು. ಮುಂದೆ ಬರೆದದ್ದನ್ನೆಲ್ಲ ಆ ಹೆದರಿಕೆಯಲ್ಲೇ ಓದಿದೆ. ಇದನ್ನು ಒಂದು ಫೋನ್ ಮಾಡಿ ಹೇಳಲು ನನಗೆ ಬಾಯಿಲ್ಲ, ಕೇಳಲು ಕಿವಿಯೂ ಇಲ್ಲ.

ನಿನ್ನ ಮೂರನೇ ಸಲದ ಸಾಲು ಓದಿದ ಮೇಲೆ ನನ್ನ ತಲೆ ನಾನೇ ಚಚ್ಚಿಕೊಂಡೆ. ಎರಡು ಮುಳ್ಳು ಜೊತೆಗೆ ಕುಣಿದರೆ ಟ್ಯಾಂಕಿಗೂ ಅದಕ್ಕೂ ಸಂಬಂಧವೇ ಇಲ್ಲ! ಎರಡಕ್ಕೂ ಕರೆಂಟು ಅಳೆದು ಕೊಡುವ ಒಂದು ಸಣ್ಣ ತಗಡಿನ ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಸರ್ ಎನ್ನುತ್ತಾರೆ. ಡ್ಯಾಶ್‌ಬೋರ್ಡಿನ ಹಿಂದೆ, ಗಾಡಿಯ ತಗಡಿಗೆ ಒಂದೇ ಸ್ಕ್ರೂನಲ್ಲಿ ಕೂತಿರುತ್ತದೆ. ಡಬ್ಬಿಯ ಮೈ ಗಾಡಿಯ ಬರೀ ಕಬ್ಬಿಣಕ್ಕೆ ಅಂಟಿಕೊಂಡಿದ್ದರೆ ಮಾತ್ರ ಅದಕ್ಕೆ ಅರ್ತಿಂಗ್ ಸಿಗುತ್ತದೆ. ಸಿಗದಿದ್ದರೆ ಬ್ಯಾಟರಿಯ ಪೂರಾ ಕರೆಂಟು ಮೀಟರಿಗೆ ನುಗ್ಗಿ, ಇಲ್ಲದ ಪೆಟ್ರೋಲನ್ನು ಇದೆ ಎಂದು ತೋರಿಸುತ್ತದೆ. ಗಾಡಿ ಅಲುಗಿ ಡಬ್ಬಿ ಕಬ್ಬಿಣಕ್ಕೆ ತಾಗಿದ ಕ್ಷಣ ಮುಳ್ಳು ನಿಜಕ್ಕೆ ಇಳಿಯುತ್ತದೆ. ಆ ಪೊಲೀಸಿನವನು ಕೈಯೂರಿದಾಗ ಆದದ್ದು ಅದು. ಇಂಥ ಮೀಟರುಗಳ ಮಧ್ಯೆ ಬದುಕು ಸವೆಸಿದ ನಾನು ನಿನ್ನ ಮೊದಲ ಕಾಗದದಲ್ಲೇ ಇದನ್ನು ಹಿಡಿಯಬೇಕಿತ್ತು.

ಬ್ಯಾಟರಿಯ ತಂತಿ ತೆಗೆಸಿ ಆ ಡಬ್ಬಿ ಬಿಚ್ಚಿಸಿ ನೋಡು. ಯಾವನೋ ಅವಿವೇಕಿ ಅದನ್ನು ಬಿಚ್ಚಿ, ಬಣ್ಣದ ಮೇಲೇ ಕೂರಿಸಿರಬೇಕು. ಬಣ್ಣದ ಮೂಲಕ ಅರ್ತಿಂಗ್ ಸಿಗುವುದಿಲ್ಲ ಎನ್ನುವಷ್ಟೂ ಗೊತ್ತಿಲ್ಲದವನು ಸ್ಕ್ರೂಡ್ರೈವರ್ ಯಾಕೆ ಹಿಡಿಯಬೇಕು? ನಿನ್ನ ಗ್ಯಾರೇಜಿನವನ ಕಿವಿ ಹಿಂಡು.

ತಮ್ಮ


ಏಪ್ರಿಲ್ ೧೬

ತಿರುಪೂ,

ಗ್ಯಾರೇಜಿನವನ ಕಿವಿ ಹಿಂಡಲು ಕೈ ಎತ್ತಿದ್ದೆ. ಅವನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಡಬ್ಬಿ ಬಿಚ್ಚಿ, "ಅಮ್ಮಾ, ಇದು ನಮ್ಮ ಗ್ಯಾರೇಜಿನ ಬಣ್ಣ ಅಲ್ಲ. ಇಷ್ಟು ನೀಟಾಗಿ ನಾವು ಹೊರಗಡೇನೂ ಹೊಡೆಯಲ್ಲ" ಎಂದ. ನಾನೂ ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಹಸಿರು ಬಣ್ಣ, ಕೋಟಿನ ಮೇಲೆ ಕೋಟು, ಮುಖ ನೋಡಿಕೊಳ್ಳುವಷ್ಟು ಹೊಳಪು. ಹೋದ ವರ್ಷ ನೀನು ರಜೆಗೆ ಬಂದಾಗ, "ಒಳಗಡೆ ತಗಡು ಅಸಹ್ಯವಾಗಿದೆ ಅಕ್ಕಾ, ನನ್ನ ಕಣ್ಣಲ್ಲಿ ನೋಡೋಕಾಗಲ್ಲ" ಎಂದು ಎಲ್ಲವನ್ನೂ ಬಿಚ್ಚಿಟ್ಟು, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ವಾರವಿಡೀ ಬಣ್ಣ ಹೊಡೆದವನು ಯಾರು? ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಮೊದಲ ಸಲ ಗಾಡಿ ನಿಂತದ್ದು ಅದಾದ ಮೇಲೆ.

ಆ ಅವಿವೇಕಿಯ ವಿಳಾಸ ಈ ಲಕೋಟೆಯ ಮೇಲೇ ಇದೆ. ಅವನ ಕಿವಿ ನೀನೇ ಹಿಂಡು.

ನಿನ್ನ ಬಣ್ಣವನ್ನು ನಾನೇ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದೆ. ಒಂದೊಂದು ಸಲ ಉಜ್ಜುವಾಗಲೂ ನಿನ್ನನ್ನು ಬಯ್ದೆ, ಕೆಲಸ ಚೆನ್ನಾಗಿ ಸಾಗಿತು. ಕೆಳಗಿನ ಬೆಳ್ಳಗಿನ ತಗಡು ಕಂಡ ಮೇಲೆ ಡಬ್ಬಿ ಕೂರಿಸಿ ಬಿಗಿದೆವು. ಹಳ್ಳಕೊಳ್ಳ ಇರುವ ರಸ್ತೆಯಲ್ಲೇ ಓಡಿಸಿದೆ, ಬಾಗಿಲು ಬಡಿದೆ, ಬಾನೆಟ್ ಗುದ್ದಿದೆ. ಮುಳ್ಳೆರಡೂ ಮಿಸುಕಲಿಲ್ಲ.

ಖುಷಿಯಲ್ಲಿ ಮಗನನ್ನು ಕರೆಸಿ ತೋರಿಸಿದೆ. 'ತಪ್ಪಾಯ್ತಮ್ಮಾ' ಎನ್ನುತ್ತಾನೆ ಎಂದು ಕಾದೆ. ಅವನೇನೆಂದ ಗೊತ್ತಾ? "ಒಳ್ಳೇದಾಯ್ತು. ತಗೊಳ್ಳೋರಿಗೆ ಇನ್ನು ಯಾವ ತಕರಾರೂ ಇರಲ್ಲ" ಎಂದ! ಮುಳ್ಳಿನದೇ ತಪ್ಪು ಎಂದು ಗೊತ್ತಾಯಿತಲ್ಲೋ ಎಂದರೆ, "ಮುಳ್ಳು ರಿಪೇರಿ ಆಯ್ತು ಸರಿ. ಆದ್ರೆ ಮಾಮ ಬರೆದಿದ್ದು ಮುಳ್ಳಿನ ವಿಷಯ ಅಲ್ವಲ್ಲ, ನಿನ್ನ ವಿಷಯ" ಎಂದ. ಗಿರಾಕಿಗೆ ಗಾಡಿ ತೋರಿಸಬೇಕೆಂದು, ಮೇಜಿನ ಮೇಲಿದ್ದ ಕೀಯನ್ನು ಜೇಬಿಗೆ ಹಾಕಿಕೊಂಡು ಹೋದ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೆ! ಗಿರಾಕಿ ಈ ತಿಂಗಳ ಕೊನೆಯ ಶನಿವಾರ ಬರುತ್ತಾನಂತೆ.

ಅಮ್ಮನ ವಿಷಯ ಓದಿದೆ. ಅಳು ಬಂತು. ಅದಕ್ಕಾಗಿ ನಿನ್ನನ್ನು ಬಿಟ್ಟೆ ಎಂದುಕೊಳ್ಳಬೇಡ. ನಿನ್ನ ಕ್ಷಮೆ ನನಗೆ ಬೇಡ. ನನ್ನ ಮಗನಿಗೆ ಆ ಕೈಯಲ್ಲಿ ಏನು ಬರೆದೆಯೋ, ಅದೇ ಕೈಯಲ್ಲಿ ಅದನ್ನು ಹಿಂದಕ್ಕೆ ತಗೋ. ಶನಿವಾರದೊಳಗೆ ಅವನಿಗೆ ತಲುಪಬೇಕು.

ಅಕ್ಕ


ಏಪ್ರಿಲ್ ೨೩

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಅವನಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದು ಕಳಿಸಿದೆ. ಬಣ್ಣ ಹೊಡೆದವನು ನಾನು, ತಲೆ ನೆಟ್ಟಗಿಲ್ಲದ್ದು ನನ್ನದು, ನಿನ್ನ ಅಮ್ಮನದಲ್ಲ, ಕೀ ವಾಪಸ್ ಕೊಡು ಎಂದು ಬರೆದೆ. ಅವನು ಫೋನ್ ಮಾಡಿದ. ನಾನು ಹೂಂ ಹೂಂ ಎನ್ನದೆ ಮೊದಲ ಬಾರಿಗೆ ಅವನ ಮೇಲೆ ಕೂಗಾಡಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಅವನ ಮಾತನ್ನು ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದಳು. "ಮಾಮ, ಫೆಬ್ರವರಿಯಲ್ಲಿ ಒಂದು ಬರೀತೀರಿ, ಏಪ್ರಿಲ್‌ನಲ್ಲಿ ಇನ್ನೊಂದು. ಅಮ್ಮನಿಗೆ ಹೆದರಿ ಬರೆದಿದ್ದೀರಿ. ನಾನು ಯಾವ ಮಾಮನ ಮಾತು ನಂಬ್ಲಿ?" ಎಂದನಂತೆ.

ನನ್ನ ಮಾತಿಗೆ ಈಗ ಬೆಲೆ ಇಲ್ಲ ಅಕ್ಕಾ. ಇದ್ದಾಗ ಅದನ್ನು ಹಾಳು ಮಾಡಿಕೊಂಡೆ. ಏನು ಮಾಡಲಿ ಹೇಳು. ಅಲ್ಲಿಗೆ ಹೊರಡೋಣವೆಂದರೆ ಶನಿವಾರದೊಳಗೆ ರಜೆ ಸಿಗುವುದಿಲ್ಲ.

ತಮ್ಮ


ಮೇ ೪

ತಿರುಪೂ,

ಶನಿವಾರದ ಕಥೆ ಹೇಳುತ್ತೇನೆ, ಕೂತು ಓದು.

ಗಿರಾಕಿ ಒಬ್ಬ ಹೋಟೆಲಿನ ಯಜಮಾನ. ಅವನಿಗೆ ಗಾಡಿ ಓಡಿಸಲಿಕ್ಕಲ್ಲ. ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಲಿಕ್ಕೆ, ಬಂದವರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳಲಿಕ್ಕೆ! ಟ್ಯಾಂಕ್ ಖಾಲಿ ಮಾಡಿಸಿ ನಿಲ್ಲಿಸುತ್ತಾರಂತೆ. ಅವನು ಕೂತು ಕೀ ತಿರುಗಿಸಿದ, ಮುಳ್ಳು ಏರಿ ತನ್ನ ಜಾಗದಲ್ಲಿ ನಿಂತಿತು. "ಪರ್ವಾಗಿಲ್ವೇ, ಇಷ್ಟು ಹಳೇ ಗಾಡೀಲಿ ಮೀಟರ್ ಎಷ್ಟು ಕರೆಕ್ಟಾಗಿದೆ!" ಎಂದು ಮೆಚ್ಚಿಕೊಂಡ. ನಾನು ಉಜ್ಜಿ ಉಜ್ಜಿ ಸರಿ ಮಾಡಿದ್ದು ಗಾಡಿ ಮಾರಲು ಅನುಕೂಲವಾಯಿತು ನೋಡು. ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ಆಮೇಲೆ ಮಗ ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟ. ಗಾಡಿ ಇರುವುದು ನನ್ನ ಹೆಸರಿನಲ್ಲಿ, ನಿನ್ನ ಭಾವ ಬರೆದಿಟ್ಟದ್ದು. ನನ್ನ ಸಹಿ ಇಲ್ಲದೆ ಅದು ಗೇಟು ದಾಟದು. ನಾನು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದೆ. 'ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟದ್ದು' ಎಂಬ ಸಾಲಿಗೆ ಬಂದಾಗ ನಿಲ್ಲಿಸಿದೆ. ಆ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೇನೋ, ಅದರ ತೂಕ ಅವತ್ತು ಗೊತ್ತಾಯಿತು.

"ನನ್ನ ಬುದ್ಧಿ ನೆಟ್ಟಗಿದೆ ಅಂತ ಇದರಲ್ಲಿ ಬರೆದಿದೆ. ನೀನು ಒಪ್ತೀಯಾ?" ಎಂದು ಮಗನನ್ನು ಕೇಳಿದೆ.

"ಅದು ಎಲ್ಲಾ ಪತ್ರದಲ್ಲೂ ಇರುತ್ತಮ್ಮಾ, ಸಹಿ ಹಾಕು."

"ಎಲ್ಲಾ ಪತ್ರದ ಮಾತು ಬಿಡು. ನನ್ನ ತಲೆ ಕೆಟ್ಟಿದ್ರೆ ಈ ಸಹಿ ನಡೆಯಲ್ಲ, ಇವ್ರು ಕೊಟ್ಟಿದ್ದು ನೀರಿಗೆ ಬಿದ್ದಹಾಗೆ. ಕೆಟ್ಟಿಲ್ಲ ಅಂದ್ರೆ ನನ್ನ ಕೀ ನಿನ್ನ ಜೇಬಲ್ಲಿ ಯಾಕಿದೆ? ಎರಡರಲ್ಲಿ ಒಂದು ಹೇಳು. ಇವ್ರ ಮುಂದೇನೇ ಹೇಳು."

ಮಗ ಪೆನ್ನಿನ ಮುಚ್ಚಳವನ್ನು ಬೆರಳಲ್ಲಿ ತಿರುಗಿಸತೊಡಗಿದ. ಹೋಟೆಲಿನವನು ಅವನ ಮುಖ ನೋಡಿದ, ನನ್ನ ಮುಖ ನೋಡಿದ. "ಅಮ್ಮಾ, ನೀವು ಲಾಯರ್ರಾ?" ಎಂದ. "ಅಲ್ಲಪ್ಪಾ, ಅವ್ರ ಮಾತು ಬರ್ಕೊಳ್ತಿದ್ದೋಳು" ಎಂದೆ. ಅವನು ಕಾಗದಗಳನ್ನು ಜೋಡಿಸಿ ಮಗನ ಕಡೆ ಸರಿಸಿ, ಬರುತ್ತೇನೆ ಎಂದು ಎದ್ದು ಹೋದ.

ನಾವಿಬ್ಬರೇ ಉಳಿದೆವು. ಮಗ ಕಾಗದಗಳನ್ನು ಮಡಚಿಟ್ಟ. "ಸೇತುವೆ ಮೇಲೆ ನಿನ್ನ ಹಿಂದೆ ಲಾರಿ ಇತ್ತಲ್ಲಮ್ಮಾ. ಅದನ್ನ ನೆನೆಸಿಕೊಂಡ್ರೆ ಇವತ್ತಿಗೂ ಊಟ ಸೇರಲ್ಲ. ಹೆದರಿಕೆ ಆಗುತ್ತೆ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಬಿಡಲಿಲ್ಲ. "ಹೆದರಿಕೆ ನಿಂದು, ಕೀ ನಂದು. ನಿಂಗೆ ಹೆದರಿಕೆ ಆದ್ರೆ ನನ್ನ ಹತ್ರ ಬಂದು ಹೇಳು, ನನ್ನ ಕೀ ಯಾಕೆ ತಗೊಂಡು ಹೋಗ್ತೀಯ?" ಎಂದೆ. ಅವನು ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ.

ಇನ್ನು ನಿನಗೆ. ಅಮ್ಮನಿಗೆ ಬಂದದ್ದು ನನಗೆ ಬರುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಲಾರೆ. ಆ ಭಯ ನಿನಗಿಂತ ನನಗೇ ಜಾಸ್ತಿ ಇದೆ, ಯಾರಿಗೂ ಹೇಳಿರಲಿಲ್ಲ. ಅಂಥ ದಿನ ಬಂದರೆ ನನಗೆ ತಂತಿಯ ಬಣ್ಣ ಕೇಳಬೇಡ. ನನ್ನ ಮಗನಿಗೆ ಬರೆಯಬೇಡ. ಇಲ್ಲಿಗೆ ಬಂದು, ಎದುರಿಗೆ ಕೂತು, ಅಕ್ಕಾ ನಿನಗೆ ಮರೆಯುತ್ತಿದೆ ಎಂದು ಹೇಳು. ನಾನು ಕೂಗಾಡುತ್ತೇನೆ, ಕೈಗೆ ಸಿಕ್ಕಿದ್ದನ್ನು ಎಸೆದರೂ ಎಸೆದೆನೇ. ಆದರೂ ಎದ್ದು ಹೋಗದೆ ಇನ್ನೊಮ್ಮೆ ಹೇಳು. ಆಮೇಲೆ ಕೀಯನ್ನು ನಾನೇ ತೆಗೆದು ನಿನ್ನ ಕೈಯಲ್ಲಿಡುತ್ತೇನೆ. ಕೊಡುವುದಾದರೆ ನಾನು ಕೊಡಬೇಕು, ಯಾರೂ ಕಿತ್ತುಕೊಳ್ಳಬಾರದು.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಕಾಗದದಲ್ಲಿ ಬರೆದು ತೀರುವಷ್ಟು ಸಣ್ಣದೂ ಅಲ್ಲ. ರಜೆ ಹಾಕಿ ರೈಲು ಹತ್ತು. ಸ್ಟೇಷನ್ನಿಗೆ ನಾನೇ ಗಾಡಿ ತರುತ್ತೇನೆ. ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಒಳ್ಳೆಯ ಕಿವಿಗೆ ಕೇಳುವ ಹಾಗೆ, ಮನೆ ಮುಟ್ಟುವವರೆಗೂ ಬಯ್ಯುತ್ತೇನೆ.

ಅಕ್ಕ